ಪ್ರತಿಜ್ಞೆ ಕಾರ್ಡ್ ಜೇಬಲ್ಲಿದ್ದರೆ ಸಾಕಾ? ಕೊಡಗಿನಿಂದ ಅಂಗದಾನದ ಬಗ್ಗೆ ಐದು ಪ್ರಶ್ನೆ

ಗೋಣಿಕೊಪ್ಪ ಕಡೆಯವರು

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ತಾಲ್ಲೂಕಿನ ಒಂದು ಸಂಘದಿಂದ ಅಂಗದಾನದ ಪ್ರತಿಜ್ಞೆ ಮಾಡಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಬ್ಯಾನರ್ ರೆಡಿ, ಫಾರಂ ರೆಡಿ, ಉತ್ತರಗಳು ಮಾತ್ರ ರೆಡಿ ಇಲ್ಲ. ಪೂರ್ವಭಾವಿ ಸಭೆಯಲ್ಲಿ ಜನ ಕೇಳಿದ್ದು ಇಷ್ಟು:

ಕಾರ್ಡ್ ಮಾಡಿಸಿಕೊಂಡವರು ತೀರಿಕೊಂಡಾಗ ಮನೆಯಲ್ಲಿ ಒಬ್ಬರು ಬೇಡ ಅಂದರೆ ಯಾರ ಮಾತು ನಡೆಯುತ್ತದೆ? ಒಕ್ಕದ (ಕೊಡವ ಮನೆತನದ) ಹಿರಿಯರಾದ ಪಟ್ಟೆದಾರರು ಒಪ್ಪಿದರೆ ಸಾಕಾ? ಮನೆಯಲ್ಲೇ ಸತ್ತರೆ ಏನೇನು ಕೊಡಬಹುದು, ಮಡಿಕೇರಿಗೆ ಒಯ್ಯಬೇಕಾ, ಮೈಸೂರಿಗಾ? ಅಪಘಾತವಾದರೆ ಪೊಲೀಸ್, ಪೋಸ್ಟ್‌ಮಾರ್ಟಂ ಎಲ್ಲ ಸೇರಿ ದೇಹ ಸಿಗುವುದು ಎಷ್ಟು ದಿನಕ್ಕೆ? ತೋಟದ ಲೈನ್ ಮನೆಯಲ್ಲಿರುವ ಅಸ್ಸಾಂ ಕಡೆಯ ಕಾರ್ಮಿಕ ಸತ್ತರೆ ತೋಟದವರು ಸಹಿ ಹಾಕಬಹುದಾ? ಕೊನೆಯದು, ದೊಡ್ಡಪ್ಪನ ಮಗ ತಮ್ಮನಿಗೆ ಕಿಡ್ನಿ ಕೊಡಲು ತಯಾರಿದ್ದಾನೆ, ಅಣ್ಣತಮ್ಮಂದಿರೇ ಅಲ್ಲವಾ, ತೊಂದರೆ ಏನು?

ಗೊತ್ತಿರುವವರು ಬಿಡಿಸಿ ಹೇಳಿ. ಭಾಷಣ ಬೇಡ, ಭಾಷಣಕ್ಕೆ ಅತಿಥಿಗಳು ಬರುತ್ತಾರೆ.

ಐಸಿಯು ಪಾಳಿ, ಮೈಸೂರು

ಮನೆಯಲ್ಲಿ ಸತ್ತರೆ ಎಂಬ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಪ್ರತಿಜ್ಞೆ ಮಾಡಿದ ಹೆಚ್ಚಿನವರಿಗೆ ಇದೇ ಗೊತ್ತಿರುವುದಿಲ್ಲ. ಹೃದಯ, ಲಿವರ್, ಕಿಡ್ನಿ ಕೊಡಬೇಕಾದರೆ ನಮ್ಮಲ್ಲಿ ರೂಢಿಯಲ್ಲಿರುವ ಕ್ರಮದಂತೆ ಸಾವು ಐಸಿಯುವಿನಲ್ಲಿ ಆಗಿರಬೇಕು. ಉಸಿರಾಟವನ್ನು ನಡೆಸುವ ಮಿದುಳಿನ ಬುಡ, ಅಂದರೆ ಮಿದುಳುಕಾಂಡ ಸತ್ತಿರಬೇಕು (ಇದನ್ನೇ ಮಿದುಳು ಸಾವು ಅನ್ನುವುದು), ವೆಂಟಿಲೇಟರ್ ಉಸಿರಾಡಿಸುತ್ತಿರಬೇಕು, ಹೃದಯ ಇನ್ನೂ ಬಡಿಯುತ್ತಿರಬೇಕು. ಮನೆಯಲ್ಲಿ, ಆಂಬ್ಯುಲೆನ್ಸಿನಲ್ಲಿ ಅಥವಾ ವಾರ್ಡಿನಲ್ಲಿ ಹೃದಯ ನಿಂತು ತೀರಿಕೊಂಡವರ ಅಂಗಗಳಿಗೆ ರಕ್ತ ಹೋಗುವುದು ಆ ಕ್ಷಣಕ್ಕೇ ನಿಲ್ಲುತ್ತದೆ. ಅವರಿಂದ ಕೊಡಲು ಸಾಧ್ಯವಾಗುವುದು ಕಣ್ಣು, ಅನುಕೂಲವಿದ್ದ ಕಡೆ ಚರ್ಮ. ಕೊಡಗಿನ ಮಟ್ಟಿಗೆ ಹೇಳುವುದಾದರೆ ಮನೆಯ ಸಾವಿಗೆ ಕಣ್ಣು ಒಂದೇ ಅಂದುಕೊಳ್ಳಿ.

ಹಾಗಾದರೆ ಅಂಗದಾನ ಬರುವುದು ಎಂಥ ಸಂದರ್ಭದಲ್ಲಿ? ತಲೆಗೆ ಪೆಟ್ಟು, ಮಿದುಳಿನಲ್ಲಿ ರಕ್ತಸ್ರಾವ. ಬೈಕ್ ಜಾರಿದ್ದು, ಮರ ಕಪಾತು ಮಾಡುವಾಗ (ಕೊಂಬೆ ಸವರುವಾಗ) ಬಿದ್ದದ್ದು, ಮೆಣಸು ಕುಯ್ಯುವ ಏಣಿಯಿಂದ ಜಾರಿದ್ದು, ಬಿಪಿ ಏರಿ ಮಿದುಳಿನ ರಕ್ತನಾಳ ಒಡೆದದ್ದು. ಇಂಥ ರೋಗಿಗಳನ್ನು ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಕಳಿಸುತ್ತಾರೆ. ಮಡಿಕೇರಿಯಿಂದ ಎರಡೂ ಕಡೆಗೆ ನೂರು ಕಿಲೋಮೀಟರ್ ದಾಟುತ್ತದೆ, ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಮಳೆಗಾಲದಲ್ಲಿ ಮಂಗಳೂರು ದಾರಿಯ ಸಂಪಾಜೆ ಘಾಟಿಯನ್ನು ನಂಬಿ ಹೊರಡುವ ಹಾಗಿಲ್ಲ, 2018ರ ಆಗಸ್ಟಿನ ಭೂಕುಸಿತ ಯಾರಿಗೂ ಮರೆತಿಲ್ಲವಲ್ಲ. ದಾರಿಯಲ್ಲಿ ಆಮ್ಲಜನಕ ಕಡಿಮೆಯಾದರೆ, ಬಿಪಿ ಕುಸಿದರೆ ಮೊದಲು ಹೋಗುವುದು ಬದುಕುವ ಅವಕಾಶ, ದಾನದ ಮಾತು ಆಮೇಲೆ. ಅದಕ್ಕೇ ಪ್ರಜ್ಞೆ ಇಲ್ಲದವರನ್ನು ಗಂಟಲಿಗೆ ಕೊಳವೆ ಹಾಕಿ, ಜೊತೆಗೆ ತರಬೇತಾದ ಒಬ್ಬರನ್ನು ಕೂರಿಸಿಯೇ ಕಳಿಸಬೇಕು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡಬಾರದು.

ಇನ್ನು ಮಿದುಳು ಸಾವನ್ನು ಖಚಿತಪಡಿಸುವ ಬಗೆ. ಇದನ್ನು ಒಬ್ಬ ವೈದ್ಯರು ತೀರ್ಮಾನಿಸುವಂತಿಲ್ಲ. ನಾಲ್ಕು ಜನ ಬೇಕು: ಆಸ್ಪತ್ರೆಯ ಮುಖ್ಯಸ್ಥ ವೈದ್ಯರು, ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರ ಒಪ್ಪಿದ ಪಟ್ಟಿಯಲ್ಲಿರುವ ಒಬ್ಬ ತಜ್ಞರು, ಒಬ್ಬ ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರು, ಮತ್ತು ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯರು. ನರತಜ್ಞರು ಸಿಗದಿದ್ದರೆ ಅವರ ಜಾಗದಲ್ಲಿ ಸರ್ಜನ್ ಅಥವಾ ಫಿಸಿಷಿಯನ್, ಅರಿವಳಿಕೆ ಅಥವಾ ಐಸಿಯು ತಜ್ಞರು ಬರಬಹುದು ಎಂದು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕಸಿ ಮಾಡುವ ತಂಡದವರು ಇದರಲ್ಲಿ ಇರಕೂಡದು.

ಪರೀಕ್ಷೆ ಎರಡು ಸಲ ನಡೆಯುತ್ತದೆ, ನಡುವೆ ಕನಿಷ್ಠ 6 ಗಂಟೆ ಅಂತರ. ಬೆಳಕು ಬಿಟ್ಟರೆ ಕಣ್ಣಿನ ಪಾಪೆ ಕಿರಿದಾಗುತ್ತದೆಯೇ, ಕರಿಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕುತ್ತದೆಯೇ, ತಲೆ ತಿರುಗಿಸಿದಾಗ, ಕಿವಿಗೆ ಐಸ್ ನೀರು ಬಿಟ್ಟಾಗ ಕಣ್ಣು ಚಲಿಸುತ್ತದೆಯೇ, ಗಂಟಲು ಕೆಣಕಿದರೆ ಓಕರಿಕೆ, ಶ್ವಾಸನಾಳಕ್ಕೆ ನಳಿಕೆ ಬಿಟ್ಟರೆ ಕೆಮ್ಮು ಬರುತ್ತದೆಯೇ, ಮುಖದ ಮೇಲೆ ನೋವು ಕೊಟ್ಟರೆ ಪ್ರತಿಕ್ರಿಯೆ ಇದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಕೊನೆಗೆ ಉಸಿರಿನ ಪರೀಕ್ಷೆ. ಶುದ್ಧ ಆಮ್ಲಜನಕ ತುಂಬಿಸಿ ವೆಂಟಿಲೇಟರ್ ಕಳಚಿ, ನಳಿಕೆಯಲ್ಲಿ ಆಮ್ಲಜನಕ ಬಿಡುತ್ತಾ 8ರಿಂದ 10 ನಿಮಿಷ ಎದೆ ಏಳುತ್ತದೆಯೇ ಎಂದು ಕಾಯುತ್ತಾರೆ. ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ 60 ಮಿ.ಮೀ. ದಾಟಿದರೂ ಒಂದು ಉಸಿರೂ ಬರಲಿಲ್ಲವೆಂದರೆ ಮಿದುಳುಕಾಂಡ ಕೆಲಸ ಮಾಡುತ್ತಿಲ್ಲ. ಎರಡನೇ ಸಲದ ಪರೀಕ್ಷೆ ಮುಗಿದ ಹೊತ್ತೇ ಸಾವಿನ ಹೊತ್ತು.

ಆಮೇಲಿನ ಕೆಲಸವೇ ಕಷ್ಟದ್ದು. ಮಿದುಳು ಸತ್ತ ದೇಹದಲ್ಲಿ ಮೂತ್ರ ತಡೆಯುವ ಹಾರ್ಮೋನ್ ನಿಂತು ಗಂಟೆಗಟ್ಟಲೆ ಮೂತ್ರ ಹರಿಯುತ್ತದೆ, ಸೋಡಿಯಂ ಏರುತ್ತದೆ, ಬಿಪಿ ಬೀಳುತ್ತದೆ, ಮೈ ತಣ್ಣಗಾಗುತ್ತದೆ. ಇವನ್ನು ತಡೆಹಿಡಿಯದಿದ್ದರೆ ಕುಟುಂಬ ಯೋಚಿಸುತ್ತಿರುವಾಗಲೇ ಹೃದಯ ನಿಂತುಬಿಡುತ್ತದೆ. ತೆಗೆದ ಮೇಲೂ ಗಡಿಯಾರ ನಿಲ್ಲುವುದಿಲ್ಲ: ಹೃದಯಕ್ಕೆ ಸುಮಾರು 4 ಗಂಟೆ, ಲಿವರ್‌ಗೆ ಹತ್ತು ಹನ್ನೆರಡು ಗಂಟೆ, ಕಿಡ್ನಿಗೆ ಒಂದು ದಿನ ಅಥವಾ ಸ್ವಲ್ಪ ಹೆಚ್ಚು.

ಮೊದಲ ಪರೀಕ್ಷೆಯಿಂದ ದೇಹ ಕೈಗೆ ಬರುವ ತನಕ ಒಂದು ದಿನ, ಕೆಲವೊಮ್ಮೆ ಒಂದೂವರೆ ದಿನ ಹಿಡಿಯುತ್ತದೆ ಎಂದು ಸಭೆಯಲ್ಲಿ ಮೊದಲೇ ಹೇಳಿಬಿಡಿ. ‘ಎರಡು ಗಂಟೆಯಲ್ಲಿ ಮುಗಿಯುತ್ತೆ’ ಎಂದು ಸಮಾಧಾನಕ್ಕೆ ಹೇಳಿದ ಮಾತೇ ಆಮೇಲೆ ಜಗಳಕ್ಕೆ ಕಾರಣವಾಗುತ್ತದೆ.

ಕಾನೂನು ಕಡತ

ಮೇಲಿನವರು ವೈದ್ಯಕೀಯ ಭಾಗ ಹೇಳಿದ್ದಾರೆ, ನಾನು ಸಹಿಯ ವಿಷಯ ಹೇಳುತ್ತೇನೆ. ಮೂಲ ಕಾನೂನು 1994ರ ಮಾನವ ಅಂಗಾಂಗ ಕಸಿ ಕಾಯ್ದೆ.

ಕಾರ್ಡ್ ವಿಚಾರ. ಬದುಕಿದ್ದಾಗ ಕನಿಷ್ಠ ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರುವಂತೆ, ಬರಹದಲ್ಲಿ ಒಪ್ಪಿಗೆ ಕೊಟ್ಟಿದ್ದರೆ ದೇಹ ಯಾರ ವಶದಲ್ಲಿದೆಯೋ ಅವರು ಅವಕಾಶ ಮಾಡಿಕೊಡಬೇಕು ಎಂದೇ 3ನೇ ಕಲಂ ಹೇಳುತ್ತದೆ. ಸತ್ತವರು ಆಮೇಲೆ ಮನಸ್ಸು ಬದಲಿಸಿದ್ದರು ಎಂದು ನಂಬಲು ಕಾರಣವಿದ್ದರೆ ಮಾತ್ರ ಬೇರೆ. ಓದಲು ಗಟ್ಟಿಯಾಗಿದೆ. ಆದರೆ ನಡೆಯುವುದು ಹಾಗಲ್ಲ. ಅಳುತ್ತಿರುವ ತಾಯಿ ಬೇಡ ಅಂದ ಮೇಲೆ ಕಾರ್ಡ್ ತೋರಿಸಿ ಆಪರೇಷನ್ ಥಿಯೇಟರಿಗೆ ಒಯ್ಯುವ ಆಸ್ಪತ್ರೆ ಇಲ್ಲ. ನನ್ನ ಅಭಿಪ್ರಾಯದಲ್ಲಿ ಹಾಗೆ ಒಯ್ಯಲೂಬಾರದು, ಒಂದು ಮನೆಯ ಸಿಟ್ಟು ಇಡೀ ಜಿಲ್ಲೆಯ ನಂಬಿಕೆಯನ್ನೇ ಕೆಡಿಸುತ್ತದೆ.

ಕಾರ್ಡ್ ಇಲ್ಲದಿದ್ದರೆ? ಸತ್ತವರು ಬೇಡ ಅಂದಿರದಿದ್ದರೆ ದೇಹ ಕಾನೂನುಬದ್ಧವಾಗಿ ಯಾರ ವಶದಲ್ಲಿದೆಯೋ ಅವರು ಒಪ್ಪಿಗೆ ಕೊಡಬಹುದು. ಆದರೆ ಹತ್ತಿರದ ಸಂಬಂಧಿಗಳಲ್ಲಿ ಯಾರಾದರೂ ಒಬ್ಬರಿಗೆ ಆಕ್ಷೇಪ ಇದೆ ಎಂದು ನಂಬಲು ಕಾರಣವಿದ್ದರೆ ಅಲ್ಲಿಗೆ ಮುಗಿಯಿತು. ಹೆಂಡತಿ ಸಹಿ ಹಾಕಿ ತಮ್ಮ ಬಾಗಿಲಲ್ಲಿ ನಿಂತು ಆಗಲ್ಲ ಅಂದರೆ ಆಗಲ್ಲ. 18 ತುಂಬದ ಮಗುವಿಗೆ ತಂದೆತಾಯಿಯರಲ್ಲಿ ಒಬ್ಬರ ಸಹಿ ಕಾನೂನಿಗೆ ಸಾಕು.

ಪಟ್ಟೆದಾರರ ಮಾತಿಗೆ ಒಕ್ಕದಲ್ಲಿ ಎಷ್ಟೇ ತೂಕ ಇರಲಿ, ಈ ಕಾಯ್ದೆಯಲ್ಲಿ ಆ ಸ್ಥಾನಕ್ಕೆ ಜಾಗವಿಲ್ಲ. ಅವರು ಸತ್ತವರ ತಂದೆಯೋ ಅಣ್ಣನೋ ಆಗಿದ್ದರೆ ಆ ಲೆಕ್ಕದಲ್ಲಿ ಬರುತ್ತಾರೆ, ಅಷ್ಟೇ. ಹಾಗೆಂದು ಅವರನ್ನು ಬಿಟ್ಟು ಮುಂದುವರಿಯುವುದೂ ಜಾಣತನವಲ್ಲ. ಎಷ್ಟೋ ಮನೆಗಳಲ್ಲಿ ಹತ್ತಿರದವರು ಹಿರಿಯರ ಮುಖ ನೋಡಿಯೇ ಹೂಂ ಅಥವಾ ಉಹೂಂ ಅನ್ನುತ್ತಾರೆ. ಕಾರ್ಯಕ್ರಮಕ್ಕೆ ಪಟ್ಟೆದಾರರನ್ನು ವೇದಿಕೆಗಿಂತ ಮುಂದಿನ ಸಾಲಿನಲ್ಲಿ ಕೂರಿಸಿ, ಪ್ರಶ್ನೆ ಕೇಳಲು ಬಿಡಿ.

ಫಾರಂ ಬಗ್ಗೆ ಒಂದು ಮಾತು. 1995ರ ನಿಯಮಗಳಲ್ಲೂ 2014ರ ಕೇಂದ್ರ ನಿಯಮಗಳಲ್ಲೂ ನಮೂನೆಗಳ ಸಂಖ್ಯೆ ಬೇರೆ ಬೇರೆ. ಸಂಖ್ಯೆ ಬಾಯಿಪಾಠ ಮಾಡಬೇಡಿ, ಶೀರ್ಷಿಕೆ ಓದಿ: ಬದುಕಿದ್ದಾಗಿನ ಪ್ರತಿಜ್ಞೆಯೋ, ಸಾವಿನ ನಂತರ ಮನೆಯವರ ಒಪ್ಪಿಗೆಯೋ ಎಂದು. ಆನ್‌ಲೈನಿನಲ್ಲಿ ಮಾಡುವವರಿಗೆ ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೊಟ್ಟೊದ (NOTTO) ಜಾಲತಾಣದಲ್ಲಿ ಆಧಾರ್ ಮೂಲಕ ನೋಂದಣಿ ಇದೆ. ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಓಟಿಪಿ ಬರಲು ಸಿಗ್ನಲ್ಲೂ ಬೇಕು. ಹಾಲ್ ಗೊತ್ತು ಮಾಡುವ ಮೊದಲು ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳಿ, ಇದು ತಮಾಷೆಗೆ ಹೇಳಿದ್ದಲ್ಲ.

ತೋಟದ ಕಾರ್ಮಿಕರ ಪ್ರಶ್ನೆ ಕೇಳಿದವರಿಗೆ ಶಹಬ್ಬಾಸ್. ಉತ್ತರ: ತೋಟದ ಮಾಲೀಕರೂ ಲೆಕ್ಕ ಬರೆಯುವ ರೈಟರೂ ಮೇಸ್ತ್ರಿಯೂ ಸಹಿ ಹಾಕುವಂತಿಲ್ಲ. ಹೂಳಲು ಅಥವಾ ಸುಡಲು ಮಾತ್ರ ದೇಹ ವಹಿಸಿಕೊಂಡವರು ಅಂಗ ತೆಗೆಯಲು ಒಪ್ಪಿಗೆ ಕೊಡಬಾರದು ಎಂದು 4ನೇ ಕಲಂ ನೇರವಾಗಿ ಹೇಳಿದೆ. ವಾರಸುದಾರರಿಲ್ಲದ ದೇಹದ ಬಗ್ಗೆ 5ನೇ ಕಲಂ ಇದೆ, ಸತ್ತು 48 ಗಂಟೆಯೊಳಗೆ ಯಾರೂ ಬರದಿದ್ದರೆ ಆಸ್ಪತ್ರೆಯ ಆಡಳಿತದವರು ಒಪ್ಪಿಗೆ ಕೊಡಬಹುದು ಎಂದು. ಆದರೆ ಹತ್ತಿರದವರು ಬರುವ ಸಂಭವ ಇದೆ ಎಂದು ಗೊತ್ತಿದ್ದರೆ ಅದೂ ಇಲ್ಲ. ಊರಲ್ಲಿ ಹೆಂಡತಿ ಮಕ್ಕಳಿರುವ ಕಾರ್ಮಿಕ ವಾರಸುದಾರರಿಲ್ಲದವನಲ್ಲ, ಫೋನ್ ಮಾಡಲು ಯಾರೂ ಮನಸ್ಸು ಮಾಡದವನು ಅಷ್ಟೇ. ಅವನ ಭಾಷೆ ಬಲ್ಲವರನ್ನು ಕೂರಿಸಿ ಮನೆಯವರಿಗೆ ಸಾವನ್ನು ತಿಳಿಸುವುದು ಮೊದಲು. ಅವರು ತಾವಾಗಿ ಒಪ್ಪಿದರೂ ಬರಹದ ಸಹಿ ಬೇಕು. ವಿಡಿಯೊ ಕರೆಯಲ್ಲಿ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. ಕೂಲಿ ಬಾಕಿ, ಆಸ್ಪತ್ರೆ ಬಿಲ್ಲು, ಶವ ಊರಿಗೆ ಕಳಿಸುವ ಖರ್ಚು, ಇವುಗಳ ಮಾತಿನ ನಡುವೆ ದಾನದ ಮಾತು ಸೇರಿಸಿದರೆ ಅದು ವ್ಯಾಪಾರದ ಕಡೆಗೆ ಜಾರುತ್ತದೆ. 19ನೇ ಕಲಂ ಪ್ರಕಾರ ಅಂಗಕ್ಕೆ ಹಣ ಕೊಟ್ಟವರಿಗೂ ಪಡೆದವರಿಗೂ ನಡುವೆ ನಿಂತವರಿಗೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ.

ಸೋಮವಾರಪೇಟೆ ಅರೇಬಿಕಾ

ಎಲ್ಲ ಸರಿ ಸರ್, ಒಂದು ಸಂಶಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾನು ಕೇಳುತ್ತೇನೆ. ಕೈ ಬಿಸಿ ಇರುತ್ತದೆ, ಮಾನಿಟರಿನಲ್ಲಿ ಹೃದಯ ಓಡುತ್ತಿರುತ್ತದೆ. ಹಾವು ಕಚ್ಚಿ ಸತ್ತೇ ಹೋದ ಅಂದವನು ಎದ್ದು ಕೂತ ಸುದ್ದಿಗಳನ್ನೂ ಓದುತ್ತೇವೆ. ಅಂಗ ಬೇಕು ಅಂತ ಅವಸರದಲ್ಲಿ ಸತ್ತ ಅಂದುಬಿಟ್ಟರೆ?

ಐಸಿಯು ಪಾಳಿ, ಮೈಸೂರು

ಕೇಳಬೇಕಾದ ಪ್ರಶ್ನೆಯೇ. ಹಾವಿನ ಉದಾಹರಣೆ ಸರಿಯಾಗಿದೆ. ಕಡಂಬಳ (ಕಟ್ಟುಹಾವು) ಅಥವಾ ನಾಗರಹಾವಿನ ವಿಷ ನರ ಮತ್ತು ಸ್ನಾಯುವಿನ ಸಂಪರ್ಕ ಕಡಿಯುತ್ತದೆ. ರೆಪ್ಪೆ ಎತ್ತಲಾಗದೆ, ಉಸಿರಾಡಲಾಗದೆ, ಕೆಲವರಲ್ಲಿ ಪಾಪೆ ಕೂಡ ಹಿಗ್ಗಿ ನಿಂತು, ಮಿದುಳು ಸತ್ತ ಹಾಗೇ ಕಾಣುತ್ತದೆ. ಮಿದುಳು ಮಾತ್ರ ಒಳಗೆ ಸರಿಯಾಗೇ ಇರುತ್ತದೆ. ವೆಂಟಿಲೇಟರ್ ಮೇಲೆ ಕೆಲವು ದಿನ ಕಾದರೆ ಎದ್ದು ಕೂರುತ್ತಾರೆ. ತೋಟಕ್ಕೆ ಹೊಡೆಯುವ ಕೀಟನಾಶಕ ಕುಡಿದವರಲ್ಲಿ, ನಿದ್ರೆ ಔಷಧ ಹೆಚ್ಚಾದವರಲ್ಲಿ, ಮೈ ತೀರಾ ತಣ್ಣಗಾದವರಲ್ಲಿಯೂ ಹೀಗೆ ಮೋಸ ಹೋಗಬಹುದು.

ಅದಕ್ಕೇ ಪರೀಕ್ಷೆ ಶುರು ಮಾಡುವ ಮೊದಲೇ ಕೆಲವು ಬಾಗಿಲು ದಾಟಬೇಕು. ಕೋಮಾಕ್ಕೆ ಕಾರಣ ಸ್ಕ್ಯಾನಿನಲ್ಲಿ ಕಣ್ಣಿಗೆ ಕಾಣುವಂತಿರಬೇಕು. ವಿಷ, ನಿದ್ರೆ ಔಷಧ, ಸ್ನಾಯು ಸಡಿಲಿಸುವ ಔಷಧ ಯಾವುದೂ ಮೈಯಲ್ಲಿ ಉಳಿದಿರಬಾರದು. ಮೈ ಬಿಸಿ 35 ಡಿಗ್ರಿಗಿಂತ ಮೇಲಿರಬೇಕು, ಬಿಪಿ, ಸಕ್ಕರೆ, ಲವಣಾಂಶ ಹತೋಟಿಯಲ್ಲಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪರೀಕ್ಷೆಯೇ ಇಲ್ಲ.

ಮನೆಯವರು ಕೇಳಬಹುದಾದ ಮೂರು ಮಾತು ಬರೆದುಕೊಳ್ಳಿ: ಸ್ಕ್ಯಾನ್ ತೋರಿಸಿ. ಕೊನೆಯ ನಿದ್ರೆ ಔಷಧ ಕೊಟ್ಟು ಎಷ್ಟು ಹೊತ್ತಾಯಿತು? ಉಸಿರಿನ ಪರೀಕ್ಷೆಯನ್ನು ನಾವು ನಿಂತು ನೋಡಬಹುದಾ? ಮೂರನೆಯದಕ್ಕೆ ಎಲ್ಲ ಕಡೆ ಹೂಂ ಅನ್ನುವುದಿಲ್ಲ. ನೋಡಿದವರಿಗೆ ಮಾತ್ರ ಆಮೇಲೆ ಸಂಶಯ ಉಳಿಯುವುದು ಕಡಿಮೆ. ಒಂದು ಎಚ್ಚರಿಕೆ: ಮಿದುಳು ಸತ್ತ ಮೇಲೂ ಬೆನ್ನುಹುರಿಯಿಂದ ಕೈ ಅಥವಾ ಕಾಲು ಸ್ವಲ್ಪ ಅಲುಗಬಹುದು. ಮೊದಲೇ ಹೇಳದಿದ್ದರೆ ಅದೊಂದು ಅಲುಗಾಟಕ್ಕೇ ಮನೆಯವರು ಕುಸಿದುಬಿಡುತ್ತಾರೆ.

ಸಾವಿನ ಸುದ್ದಿಯೂ ದಾನದ ಮಾತೂ ಒಂದೇ ಉಸಿರಿನಲ್ಲಿ ಬರಬಾರದು. ಮೊದಲನೆಯದನ್ನು ಚಿಕಿತ್ಸೆ ಕೊಟ್ಟ ವೈದ್ಯರು ಹೇಳಬೇಕು. ಅದು ಮನಸ್ಸಿಗೆ ಇಳಿಯಲು ಹೊತ್ತು ಬಿಟ್ಟು ಎರಡನೆಯದನ್ನು ಆಸ್ಪತ್ರೆಯ ಅಂಗದಾನ ಕೋಆರ್ಡಿನೇಟರ್ ಎತ್ತಬೇಕು. ‘ಬೇಡ’ ಎಂದರೆ ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ.

ಕಣ್ಣಿನ ವಿಭಾಗದ ಟೆಕ್ನಿಷಿಯನ್

ಕಣ್ಣಿನ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ನಿಮ್ಮ ಸಂಘದ ಕೈಯಲ್ಲಿ ನಿಜವಾಗಿ ನಡೆಯುವ ಕೆಲಸ ಇದೇ.

ಸತ್ತ 6 ಗಂಟೆಯೊಳಗೆ ತೆಗೆಯಬೇಕು, ಬೇಗ ಆದಷ್ಟೂ ಒಳ್ಳೆಯದು. ತಂಡ ಮನೆಗೇ ಬರುತ್ತದೆ, ದೇಹ ಎಲ್ಲಿಗೂ ಒಯ್ಯಬೇಕಿಲ್ಲ. ತೆಗೆಯುವ ಕೆಲಸಕ್ಕೆ 20 ನಿಮಿಷ, ರಸ್ತೆಗೆ ಎಷ್ಟು ಬೇಕೋ ನಿಮಗೇ ಗೊತ್ತು. ಅದಕ್ಕೆ ಈಗಲೇ ಮಾಡಬೇಕಾದದ್ದು: ನಿಮ್ಮ ಊರಿಗೆ ರಾತ್ರಿಯೂ ಬರುವ ನೇತ್ರ ಬ್ಯಾಂಕ್ ಯಾವುದು, ಅವರು ಎಲ್ಲಿಂದ ಹೊರಡುತ್ತಾರೆ ಎಂದು ಮಡಿಕೇರಿಯ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ, ನಂಬರನ್ನು ಪ್ರತಿ ಮನೆಯ ಕ್ಯಾಲೆಂಡರ್ ಮೇಲೆ ಬರೆಸಿ. ಸಾವಿನ ಸುದ್ದಿ ತಿಳಿಸಲು ಗಾಳಿಯಲ್ಲಿ ಎರಡು ಗುಂಡು ಹೊಡೆಯುವ ಕೊಡವ ಪದ್ಧತಿಯ ಮನೆಯಾದರೆ ಆ ಹೊತ್ತಿಗೇ ಒಬ್ಬರು ಈ ಫೋನ್ ಕೂಡ ಮಾಡಲಿ. ನೆಂಟರೆಲ್ಲ ಬಂದ ಮೇಲೆ ವಿಚಾರಿಸೋಣ ಅಂದರೆ ಹೊತ್ತು ಮೀರಿರುತ್ತದೆ.

ತಂಡ ಬರುವ ತನಕ ಕಣ್ಣು ಮುಚ್ಚಿ, ರೆಪ್ಪೆ ಮೇಲೆ ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಹತ್ತಿ ಇಡಿ. ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರಿಸಿ, ಇಲ್ಲದಿದ್ದರೆ ರಕ್ತ ಇಳಿದು ಕಣ್ಣು ಊದುತ್ತದೆ, ತೆಗೆಯುವಾಗ ರಕ್ತ ಬರುತ್ತದೆ. ಫ್ಯಾನ್ ನಿಲ್ಲಿಸಿ, ಗಾಳಿಗೆ ಕರಿಗುಡ್ಡೆ ಒಣಗುತ್ತದೆ. ತಲೆಯ ಹತ್ತಿರ ದೀಪ, ಧೂಪದ ಬಿಸಿ ಬೇಡ, ಸ್ವಲ್ಪ ದೂರ ಇಡಿ. ವೈದ್ಯರು ಬರೆದ ಸಾವಿನ ಕಾರಣದ ಚೀಟಿ ತೆಗೆದಿಡಿ. ಸೋಂಕು ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆಯುತ್ತಾರೆ, ಗಾಬರಿ ಬೇಡ.

ಕನ್ನಡಕ, ಪೊರೆ ಆಪರೇಷನ್, ಸಕ್ಕರೆ ಕಾಯಿಲೆ, ಎಂಬತ್ತು ದಾಟಿದ ವಯಸ್ಸು, ಯಾವುದೂ ಅಡ್ಡಿಯಲ್ಲ. ರೇಬಿಸ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತಕ್ಕೆ ಹರಡಿದ ಸೋಂಕು, ರಕ್ತದ ಕ್ಯಾನ್ಸರ್ ಇದ್ದರೆ ಬೇಡ. ನಾಯಿ ಕಚ್ಚಿದ್ದರೆ ಮುಚ್ಚಿಡಬೇಡಿ, ಕಸಿ ಮಾಡಿದ ಕಣ್ಣಿನಿಂದ ರೇಬಿಸ್ ದಾಟಿದ ಪ್ರಕರಣಗಳಿವೆ. ತೆಗೆದ ಮೇಲೆ ರೆಪ್ಪೆಯ ಕೆಳಗೆ ಚಿಪ್ಪು ಇಟ್ಟು ಮುಚ್ಚುತ್ತಾರೆ. ಮುಖ ನೋಡಲು ಬಂದವರಿಗೆ ಗೊತ್ತಾಗುವುದಿಲ್ಲ, ತೂಟಂಗಳಕ್ಕೆ (ಸ್ಮಶಾನಕ್ಕೆ) ಒಯ್ಯುವ ಮೊದಲಿನ ಸ್ನಾನ, ಉಡುಪು ಎಲ್ಲ ಎಂದಿನಂತೆ ಮಾಡಬಹುದು.

ಇಡೀ ದೇಹ ಕಾಲೇಜಿಗೆ ಕೊಡುವುದು ಬೇರೆಯೇ ದಾರಿ, ಅದಕ್ಕೆ ಅಂಗರಚನಾ ವಿಭಾಗದಲ್ಲಿ ನೋಂದಣಿ. ಕಣ್ಣು ಕೊಟ್ಟ ದೇಹವನ್ನು ತೆಗೆದುಕೊಳ್ಳುತ್ತಾರೆ, ಪೋಸ್ಟ್‌ಮಾರ್ಟಂ ಆದದ್ದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಗೋಣಿಕೊಪ್ಪ ಕಡೆಯವರು

ಇದನ್ನೆಲ್ಲ ಪ್ರಿಂಟ್ ತೆಗೆಯುತ್ತಿದ್ದೇನೆ. ಪೊಲೀಸ್ ವಿಷಯ ಮತ್ತು ದೊಡ್ಡಪ್ಪನ ಮಗನ ಕಿಡ್ನಿ ಬಾಕಿ ಉಳಿಯಿತು. ಖರ್ಚು ಯಾರದ್ದು ಅಂತಲೂ ಹೇಳಿಬಿಡಿ.

ಕಾನೂನು ಕಡತ

ಅಪಘಾತದ ಸಾವಾದರೆ ಪಂಚನಾಮೆ, ಮರಣೋತ್ತರ ಪರೀಕ್ಷೆ ತಪ್ಪುವುದಿಲ್ಲ, ದಾನ ಮಾಡಿದರೂ ಮಾಡದಿದ್ದರೂ. ದಾನದಿಂದ ಕೇಸು ಹಾಳಾಗುವುದೂ ಇಲ್ಲ. ಸಾವಿನ ಕಾರಣ ತಿಳಿಯಲು ಬೇಕಾದ ಅಂಗವನ್ನು ಮುಟ್ಟುವಂತಿಲ್ಲ, ತೆಗೆದ ಅಂಗಗಳ ಸ್ಥಿತಿಯನ್ನು ತೆಗೆದವರು ಬರೆದುಕೊಡಬೇಕು, ಅದು ಪೋಸ್ಟ್‌ಮಾರ್ಟಂ ವರದಿಗೆ ಸೇರುತ್ತದೆ. ಸಾಧ್ಯವಾದರೆ ಪೋಸ್ಟ್‌ಮಾರ್ಟಂ ವೈದ್ಯರನ್ನೇ ಥಿಯೇಟರಿಗೆ ಕರೆಸಬೇಕು ಎಂದು 2014ರ ನಿಯಮಗಳು ಹೇಳುತ್ತವೆ. ಕತ್ತಲಾದ ಮೇಲೆ ಪೋಸ್ಟ್‌ಮಾರ್ಟಂ ಇಲ್ಲ ಎಂಬ ಹಳೆಯ ಮಾತನ್ನು ಯಾರಾದರೂ ಹೇಳಿದರೆ, 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೌಲಭ್ಯವಿರುವ ಕಡೆ ರಾತ್ರಿಯೂ ಮಾಡಬಹುದು, ಅಂಗದಾನದ ದೇಹಗಳಿಗೆ ಆದ್ಯತೆ ಕೊಡಬೇಕು ಎಂದಿರುವುದನ್ನು ನೆನಪಿಸಿ. ಕೊಲೆ, ಆತ್ಮಹತ್ಯೆ, ಸಂಶಯದ ಸಾವುಗಳಿಗೆ ಈ ರಾತ್ರಿ ವಿನಾಯಿತಿ ಸಾಮಾನ್ಯವಾಗಿ ಇಲ್ಲ.

ತಡವಾಗುವುದು ಎಲ್ಲಿ ಅಂದರೆ, ಅಪಘಾತ ಆದದ್ದು ಕೊಡಗಿನ ಠಾಣೆ ಸರಹದ್ದಿನಲ್ಲಿ, ಸಾವು ಮೈಸೂರಿನಲ್ಲಿ. ಕಾಗದ ಎರಡು ಜಿಲ್ಲೆ ಓಡಾಡಬೇಕು. ಮೊದಲ ಪರೀಕ್ಷೆ ಮುಗಿದ ತಕ್ಷಣ ಆಸ್ಪತ್ರೆಯಿಂದ ಪೊಲೀಸರಿಗೆ ಕೋರಿಕೆ ಹೋಯಿತೇ ಎಂದು ಕೇಳಿ. ಎರಡನೆಯದು ಮುಗಿಯಲಿ ಎಂದು ಕೂತರೆ ಆ 6 ಗಂಟೆ ವ್ಯರ್ಥ. ಮನೆಯವರಲ್ಲಿ ಒಬ್ಬರು ಸತ್ತವರ ಮತ್ತು ಸಹಿ ಹಾಕುವವರ ಆಧಾರ್, ಸಂಬಂಧ ತೋರಿಸುವ ಪಡಿತರ ಚೀಟಿ ಹಿಡಿದು ಠಾಣೆಯ ಕೆಲಸಕ್ಕೇ ಮೀಸಲಿರಲಿ.

ಖರ್ಚು: ಮಿದುಳು ಸಾವು ಖಚಿತವಾಗಿ ಒಪ್ಪಿಗೆ ಕೊಟ್ಟ ಮೇಲಿನ ದೇಹ ಕಾಪಾಡುವ, ಅಂಗ ತೆಗೆಯುವ, ಸಾಗಿಸುವ ವೆಚ್ಚ ದಾನಿಯ ಮನೆಯವರ ಮೇಲೆ ಬರಬಾರದು. ಅದಕ್ಕಿಂತ ಮೊದಲಿನ ಚಿಕಿತ್ಸೆಯ ಬಿಲ್ಲು ಬೇರೆ. ಬಿಲ್ಲಿನಲ್ಲಿ ಆ ಗಂಟೆಗೆ ಗೆರೆ ಎಳೆದು ಕೊಡಿ ಎಂದು ಕೇಳಿ. ಅಂಗ ಯಾರಿಗೆ ಹೋಗಬೇಕೆಂದು ಮನೆಯವರು ಹೇಳುವಂತಿಲ್ಲ. ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಕಾಯುವವರ ಪಟ್ಟಿಯಿಂದ ಹಂಚುತ್ತದೆ.

ಇನ್ನು ಕಿಡ್ನಿ. ನಾವು ದೊಡ್ಡಪ್ಪನ ಮಗನನ್ನೂ ಅಣ್ಣ ಅನ್ನುತ್ತೇವೆ, ಕಾಯ್ದೆ ಅನ್ನುವುದಿಲ್ಲ. ಅದರ ಲೆಕ್ಕದಲ್ಲಿ ಹತ್ತಿರದ ಸಂಬಂಧಿ ಅಂದರೆ ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಮಗಳು, ಒಡಹುಟ್ಟಿದವರು, 2011ರ ತಿದ್ದುಪಡಿಯಿಂದ ಸೇರಿದ ಅಜ್ಜ, ಅಜ್ಜಿ, ಮೊಮ್ಮಕ್ಕಳು. ಚಿಕ್ಕಪ್ಪ, ಸೋದರಮಾವ, ಭಾವ, ಅತ್ತಿಗೆ ಯಾರೂ ಇಲ್ಲ. ದೊಡ್ಡಪ್ಪನ ಮಗ ಕೊಡಲೇಬಾರದು ಎಂದಲ್ಲ, ಇಂಥ ದಾನಕ್ಕೆ ಅನುಮತಿ ಕೊಡುವ ಅಧಿಕಾರ ಸಮಿತಿಯ ಮುಂದೆ ಹೋಗಬೇಕು. ಇಬ್ಬರನ್ನೂ ಕೂರಿಸಿ ಕೇಳುತ್ತಾರೆ, ವಿಡಿಯೊ ಮಾಡುತ್ತಾರೆ. ಇಬ್ಬರ ಆದಾಯ, ಸಾಲ, ಸಂಬಂಧದ ದಾಖಲೆ, ದಾನಿಯ ಮನೆಯವರ ಅಭಿಪ್ರಾಯ ನೋಡುತ್ತಾರೆ. ಒಬ್ಬರು ತೋಟದ ಮಾಲೀಕರು, ಇನ್ನೊಬ್ಬರು ಅವರಿಂದ ಸಾಲ ಪಡೆದವರು ಆಗಿದ್ದರೆ ಪ್ರಶ್ನೆ ಗಟ್ಟಿಯಾಗುತ್ತದೆ, ಆಗಬೇಕಾದದ್ದೂ ಹಾಗೇ. ಗಡಿಬಿಡಿಯಲ್ಲಿ ‘ಸ್ವಂತ ಅಣ್ಣ’ ಎಂದು ಬರೆಸಿದರೆ ಅಲ್ಲಿಗೆ ಸುಳ್ಳು ದಾಖಲೆಯ ಕೇಸು.

ಕಿಡ್ನಿ ಕೊಡಲು ಮುಂದೆ ಬಂದ ಹೆಂಡತಿಯ ರಕ್ತದ ಗುಂಪು ಹೊಂದದಿದ್ದರೆ, ಇದೇ ತೊಂದರೆಯಿರುವ ಇನ್ನೊಂದು ಜೋಡಿಯ ಜೊತೆ ಅದಲುಬದಲು ಮಾಡಿಕೊಳ್ಳಲು ಕಾನೂನು ಒಪ್ಪುತ್ತದೆ. ದೊಡ್ಡಪ್ಪನ ಮಗನನ್ನು ಕೇಳುವ ಮೊದಲು ಆ ದಾರಿ ವಿಚಾರಿಸಿ.

ಗೋಣಿಕೊಪ್ಪ ಕಡೆಯವರು

ಮೈಸೂರಿನಲ್ಲಿ ಸಾವಾದರೆ ಮರಣ ಪ್ರಮಾಣಪತ್ರ ನಮ್ಮ ಪಂಚಾಯಿತಿಯಲ್ಲೇ ಸಿಗುತ್ತದಾ?

ಕಾನೂನು ಕಡತ

ಇಲ್ಲ. ಸಾವು ಎಲ್ಲಾಯಿತೋ ಅಲ್ಲೇ ನೋಂದಣಿ, 21 ದಿನದೊಳಗೆ. ಆಸ್ಪತ್ರೆಯವರೇ ವಿವರ ಕಳಿಸುತ್ತಾರೆ. ಹೆಸರು, ಮನೆತನದ ಹೆಸರು ಆಧಾರಿನಲ್ಲಿರುವ ಹಾಗೇ ಬರೆದಿದ್ದಾರಾ ಎಂದು ಅಲ್ಲಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ತೋಟದ ಖಾತೆ ಬದಲಾವಣೆಗೆ ಆ ಕಾಗದವೇ ಬೇಕಾಗುವುದು.